ಮಾತಿಲ್ಲದ ವಸಂತಸೇನೆ

'ವಸಂತಸೇನೆ' ಮೂಕಿ ಚಿತ್ರಗಳ ಕಾಲ ಮುಗಿಯುತ್ತ ಬಂದಾಗ ತಯಾರಾದ ಪ್ರೇಮಕಥೆ. ಶೂದ್ರಕನ ಸಂಸ್ಕೃತ ನಾಟಕ 'ಮೃಚ್ಛಕಟಿಕ' ಅದರ ಮೂಲ. ಕೆಲವು ದಾಖಲೆಗಳಲ್ಲಿ ಚಿತ್ರದ ಹೆಸರೂ 'ಮೃಚ್ಛಕಟಿಕ' ಎಂದೇ ಇದೆ. ನಿರ್ದೇಶಿಸಿದವರು ಮೋಹನ್ ದಯಾರಾಮ್ ಭವನಾನಿ. ಚಿತ್ರದ ವರ್ಷವನ್ನು ಸಾಮಾನ್ಯವಾಗಿ 1931 ಎಂದು ಬರೆಯುತ್ತಾರೆ. ಎನಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ಅದರಲ್ಲಿ ನಟಿಸಿದ್ದರು. ಹಾಡು, ಕುಣಿತ, ಅರವತ್ತನಾಲ್ಕು ಕಲೆಗಳನ್ನೇ ಬದುಕಾಗಿಸಿಕೊಂಡ ಗಣಿಕೆಯೊಬ್ಬಳು ಹಣವಿಲ್ಲದ ಒಬ್ಬ ಸಜ್ಜನನಿಗೆ ಮನಸೋಲುವುದು, ಹಣ ಅಧಿಕಾರ ಎರಡೂ ಇರುವ ಒಬ್ಬ ಮೂರ್ಖ ಅವಳ ಬೆನ್ನು ಹತ್ತುವುದು, ಇದು ಕಥೆ. ಕನ್ನಡ ಸಿನಿಮಾದ ಇತಿಹಾಸ ಬರೆಯುವವರು ಇದನ್ನು ಕನ್ನಡದ ಮೊದಲ ಮೂಕಿ ಚಿತ್ರಗಳ ಸಾಲಿಗೆ ಸೇರಿಸುತ್ತಾರೆ. ಮಾತೇ ಇಲ್ಲದ ಚಿತ್ರ ಕನ್ನಡದ್ದು ಹೇಗಾಯಿತು ಎಂಬ ಪ್ರಶ್ನೆಗೆ ಅಷ್ಟು ಸುಲಭದ ಉತ್ತರವಿಲ್ಲ. ನಿರ್ದೇಶಕ ಸಿಂಧಿ, ಕಥೆ ಉಜ್ಜಯಿನಿಯದು, ಮೂಲ ಸಂಸ್ಕೃತ ಮತ್ತು ಪ್ರಾಕೃತ. ಕನ್ನಡದ್ದೆಂದು ಹೇಳಬಹುದಾದದ್ದು ಅದರಲ್ಲಿ ಸೇರಿದ ಜನ. ಆ ಜನ ಯಾರು, ಯಾಕೆ ಬಂದರು ಎಂದು ನೋಡಿದರೆ ಚಿತ್ರದ ಮಹತ್ವ ತಿಳಿಯುತ್ತದೆ.

ಹತ್ತು ಅಂಕಗಳ 'ಮೃಚ್ಛಕಟಿಕ' ಸಂಸ್ಕೃತ ನಾಟಕಗಳಲ್ಲಿ ಬೇರೆಯೇ ಜಾತಿಯದು. ದೇವರಿಲ್ಲ, ಶಾಪವಿಲ್ಲ, ರಾಜರ್ಷಿಯಿಲ್ಲ. ಜೂಜುಕೋರರು, ಕಳ್ಳ, ಅಂಗಮರ್ದನ ಮಾಡುವವನು, ಬೌದ್ಧ ಭಿಕ್ಷು, ಗಾಡಿ ಹೊಡೆಯುವವರು, ಕಾವಲುಗಾರರು, ತಲೆ ಕಡಿಯುವ ಚಂಡಾಲರು, ಹೀಗೆ ಒಂದು ಪಟ್ಟಣದ ಬೀದಿಯೇ ರಂಗದ ಮೇಲಿದೆ. ಅದರ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅಚ್ಚರಿಯಾಗುತ್ತದೆ. ಕಥೆಯ ಒಂದೊಂದು ತಿರುವೂ ಒಂದೊಂದು ವಸ್ತುವಿಗೆ ಗಂಟುಬಿದ್ದಿದೆ. ಮಾತಿನ ನೆರವಿಲ್ಲದೆ ಕಣ್ಣಿಗೇ ಕಥೆ ಹೇಳಬೇಕಾದ ಮೂಕಿ ಚಿತ್ರಕ್ಕೆ ಇಂಥ ಕಟ್ಟಡ ಕೈಗೆ ಬಂದ ತುತ್ತು.

ಮೊದಲ ಅಂಕದಲ್ಲಿ ಕತ್ತಲು. ರಾಜನ ಭಾವಮೈದುನ ಶಕಾರ ತನ್ನ ಪರಿವಾರದೊಡನೆ ಬೀದಿಯಲ್ಲಿ ಗಣಿಕೆ ವಸಂತಸೇನೆಯನ್ನು ಅಟ್ಟಿಸಿಕೊಂಡು ಬರುತ್ತಾನೆ. ಅವಳು ತಾನು ಮನಸೋತ ಬಡ ಸಜ್ಜನ ಚಾರುದತ್ತನ ಮನೆಯ ಬಾಗಿಲಲ್ಲಿ ನುಸುಳಿ ಸೆರಗಿನಿಂದ ದೀಪ ಆರಿಸುತ್ತಾಳೆ. ಕತ್ತಲಲ್ಲಿ ಅವಳನ್ನು ಮನೆಯ ದಾಸಿ ಎಂದುಕೊಂಡ ಚಾರುದತ್ತ, ಮಗುವಿಗೆ ಹೊದಿಸಲು ತನ್ನ ಉತ್ತರೀಯವನ್ನು ಅವಳ ಕೈಗೆ ಕೊಡುತ್ತಾನೆ. ಅದರಲ್ಲಿ ಜಾಜಿಯ ಪರಿಮಳ. ಬಡವನಾದರೂ ಈತ ರಸಿಕತೆಯನ್ನು ಬಿಟ್ಟಿಲ್ಲ ಎಂದು ಅವಳಿಗೆ ಅಷ್ಟರಿಂದಲೇ ಗೊತ್ತಾಗುತ್ತದೆ. ಹೊರಡುವಾಗ ಅವಳು ಒಡವೆಯ ಗಂಟನ್ನು ಅಲ್ಲೇ ಇಟ್ಟುಹೋಗುತ್ತಾಳೆ. ನೆಪ ಕಳ್ಳರ ಭಯ. ನಿಜವಾದ ಕಾರಣ ಮತ್ತೆ ಬರಲು ದಾರಿ ಇರಲಿ ಎಂಬುದು.

ಆ ಗಂಟು ನಾಟಕದುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತದೆ. ಮೂರನೆಯ ಅಂಕದಲ್ಲಿ ಶರ್ವಿಲಕ ಎಂಬ ಬ್ರಾಹ್ಮಣ ಕಳ್ಳ, ಕನ್ನ ಕೊರೆಯುವುದನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದವನು, ಗೋಡೆಯ ಮುಂದೆ ನಿಂತು ಎಂಥ ಆಕಾರದ ಕನ್ನ ಚೆನ್ನಾಗಿರುತ್ತದೆ ಎಂದು ಯೋಚಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಅಳೆಯುತ್ತಾನೆ. ಒಳಗೆ ಮಲಗಿದ ವಿದೂಷಕ ಮೈತ್ರೇಯ ಕನಸಿನಲ್ಲಿ ಕನವರಿಸುತ್ತ ಗಂಟನ್ನು ಕಳ್ಳನ ಕೈಗೇ ಕೊಟ್ಟುಬಿಡುತ್ತಾನೆ. ಕದ್ದ ಒಡವೆಯಿಂದ ಶರ್ವಿಲಕ ಬಿಡಿಸಿಕೊಳ್ಳಬೇಕೆಂದಿರುವುದು ತನ್ನ ಪ್ರೇಯಸಿ ಮದನಿಕೆಯನ್ನು. ಆಕೆ ವಸಂತಸೇನೆಯ ದಾಸಿ. ಹೀಗೆ ಒಡವೆ ತನ್ನ ಒಡತಿಗೇ ಮರಳುತ್ತದೆ. ಇತ್ತ ಚಾರುದತ್ತನ ಹೆಂಡತಿ ಧೂತೆ ಗಂಡನ ಮಾನ ಉಳಿಸಲು ತನ್ನಲ್ಲಿ ಉಳಿದಿದ್ದ ಒಂದೇ ರತ್ನಹಾರವನ್ನು ಬಿಚ್ಚಿ ಕಳಿಸುತ್ತಾಳೆ. ವಸಂತಸೇನೆಗೆ ಎಲ್ಲವೂ ಗೊತ್ತು. ನಗುತ್ತ ಹಾರವನ್ನು ತೆಗೆದುಕೊಳ್ಳುತ್ತಾಳೆ, ಅದನ್ನು ಮರಳಿಸುವ ನೆಪದಲ್ಲಿ ಗುಡುಗು ಮಳೆಯಲ್ಲಿ ಅವನ ಮನೆಗೆ ಹೊರಡುತ್ತಾಳೆ.

ನಾಟಕಕ್ಕೆ ಹೆಸರು ಕೊಟ್ಟ ಮಣ್ಣಿನ ಬಂಡಿ ಬರುವುದು ಆರನೆಯ ಅಂಕದಲ್ಲಿ. ಚಾರುದತ್ತನ ಪುಟ್ಟ ಮಗ ರೋಹಸೇನ ಪಕ್ಕದ ಮನೆಯ ಹುಡುಗನ ಚಿನ್ನದ ಬಂಡಿ ನೋಡಿ, ತನಗೆ ಮಣ್ಣಿನದು ಬೇಡವೆಂದು ಅಳುತ್ತಾನೆ. ವಸಂತಸೇನೆ ಮೈಮೇಲಿನ ಒಡವೆಗಳನ್ನು ಕಳಚಿ ಆ ಬಂಡಿಯ ತುಂಬ ತುಂಬುತ್ತಾಳೆ. ಅದೇ ಅಂಕದಲ್ಲಿ ಗಾಡಿಗಳು ಅದಲುಬದಲಾಗುತ್ತವೆ. ಅವಳು ಚಾರುದತ್ತನ ಗಾಡಿ ಎಂದು ಶಕಾರನ ಗಾಡಿ ಏರುತ್ತಾಳೆ. ಚಾರುದತ್ತನ ಗಾಡಿಯಲ್ಲಿ ಸೆರೆಮನೆ ಮುರಿದು ಬಂದ ಗೊಲ್ಲ ಆರ್ಯಕ ಕೂರುತ್ತಾನೆ. ಉದ್ಯಾನದಲ್ಲಿ ಶಕಾರ ಅವಳ ಕುತ್ತಿಗೆ ಹಿಸುಕಿ, ಸತ್ತಳೆಂದು ಎಲೆಗಳ ರಾಶಿಯಡಿ ಮುಚ್ಚಿ, ನೇರವಾಗಿ ನ್ಯಾಯಾಲಯಕ್ಕೆ ಹೋಗಿ ಕೊಲೆಯ ಆರೋಪವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಗೆಳೆಯನ ಪರ ಮಾತಾಡಲು ಬಂದ ಮೈತ್ರೇಯ ಶಕಾರನೊಡನೆ ಕೈಕೈ ಮಿಲಾಯಿಸಿದಾಗ, ಅವಳಿಗೆ ಹಿಂತಿರುಗಿಸಲೆಂದು ಕಂಕುಳಲ್ಲಿಟ್ಟುಕೊಂಡಿದ್ದ ಅದೇ ಒಡವೆಗಳು ಎಲ್ಲರ ಮುಂದೆ ನೆಲಕ್ಕೆ ಉದುರುತ್ತವೆ. ಮಗುವಿಗೆ ಪ್ರೀತಿಯಿಂದ ಕೊಟ್ಟದ್ದೇ ತಂದೆಯ ಕತ್ತಿಗೆ ಸಾಕ್ಷಿ. ಈ ದೃಶ್ಯಕ್ಕೆ ಮಾತು ಬರೆದು ತೋರಿಸುವ ಶೀರ್ಷಿಕೆಯ ಫಲಕ ಬೇಕಾಗಿಯೇ ಇಲ್ಲ.

ಕೊನೆಯ ಅಂಕದಲ್ಲಿ ಒಂದು ಕಡೆ ವಧಸ್ಥಾನಕ್ಕೆ ಮೆರವಣಿಗೆ, ಇನ್ನೊಂದು ಕಡೆ ಭಿಕ್ಷು ಬದುಕಿಸಿದ ವಸಂತಸೇನೆಯ ಓಟ, ಮತ್ತೊಂದು ಕಡೆ ಅರಮನೆಯಲ್ಲಿ ದಂಗೆ. ಪಾಲಕ ರಾಜ ಸತ್ತು ಆರ್ಯಕ ಪಟ್ಟಕ್ಕೆ ಬರುತ್ತಾನೆ. ಖಡ್ಗ ಎತ್ತಿದ ಹೊತ್ತಿಗೆ ಅವಳು ಬಂದು ತಲುಪುತ್ತಾಳೆ. ಅಮೆರಿಕದ ಡಿ.ಡಬ್ಲ್ಯೂ. ಗ್ರಿಫಿತ್ 1916ರ 'ಇಂಟಾಲರೆನ್ಸ್'ನಲ್ಲಿ ನೇಣುಗಂಬ ಮತ್ತು ಬಿಡುಗಡೆಯ ಆದೇಶ ತರುವವರ ಧಾವಂತವನ್ನು ಬದಲಿಸಿ ಬದಲಿಸಿ ತೋರಿಸಿ ಜಗತ್ತನ್ನು ಬೆರಗುಗೊಳಿಸಿದ್ದ. ಆ ತಂತ್ರಕ್ಕೆ ಬೇಕಾದ ಸರಕು ಉಜ್ಜಯಿನಿಯ ನಾಟಕದಲ್ಲಿ ಶತಮಾನಗಳಿಂದ ಸಿದ್ಧವಾಗಿಯೇ ಇತ್ತು.

ರಂಗದ ಹೆಣ್ಣಿನ ಪ್ರೇಮಕಥೆ ಆ ವರ್ಷಗಳಲ್ಲಿ ಎಲ್ಲೆಡೆ ಚಾಲ್ತಿಯಲ್ಲಿತ್ತು. ಹಾಲಿವುಡ್‌ನ 'ಸ್ಯಾಲಿ, ಐರೀನ್ ಅಂಡ್ ಮೇರಿ' (1925) ಮೂವರು ಕೋರಸ್ ಹುಡುಗಿಯರ ಕಥೆ. 'ಷೋ ಗರ್ಲ್' (1928) ಹೆಸರಿನಲ್ಲೇ ವಿಷಯ ಹೇಳುತ್ತದೆ. ಜರ್ಮನಿಯಲ್ಲಿ ಜಿ.ಡಬ್ಲ್ಯೂ. ಪಾಬ್ಸ್ಟ್ 1929ರಲ್ಲಿ 'ಪಂಡೋರಾಸ್ ಬಾಕ್ಸ್' ಮಾಡಿದ. ಅದರ ನಾಯಕಿ ಲೂಯಿಸ್ ಬ್ರೂಕ್ಸ್ ಸ್ವತಃ ನ್ಯೂಯಾರ್ಕಿನ ಝೀಗ್‌ಫೆಲ್ಡ್ ಪ್ರದರ್ಶನಗಳಲ್ಲಿ ಕುಣಿದು ಬಂದವಳು. ಅದೇ ವರ್ಷ ಲಂಡನ್ನಿನ 'ಪಿಕಾಡಿಲಿ' ಚಿತ್ರದಲ್ಲಿ ಆನಾ ಮೇ ವಾಂಗ್ ಪಾತ್ರೆ ತೊಳೆಯುವ ಕೆಲಸದಿಂದ ನೈಟ್‌ಕ್ಲಬ್ಬಿನ ನರ್ತಕಿಯ ಪಟ್ಟಕ್ಕೇರಿದಳು. ಪಾಬ್ಸ್ಟನ ಲುಲು ಕೊಲೆಗಾರನ ಚಾಕುವಿಗೆ ಬಲಿಯಾಗುತ್ತಾಳೆ, 'ಪಿಕಾಡಿಲಿ'ಯ ಷೋಷೊ ಗುಂಡಿಗೆ. ತನ್ನ ಇಷ್ಟದಂತೆ ನಡೆದ ನರ್ತಕಿಗೆ ಆ ಕಥೆಗಳು ಕಾದಿಟ್ಟಿದ್ದದ್ದು ಸಾವು. ವಸಂತಸೇನೆಯೂ ಸಾಯುವಷ್ಟು ಹತ್ತಿರ ಹೋಗುತ್ತಾಳೆ. ಆದರೆ ಎದ್ದು ಬರುತ್ತಾಳೆ. ಹೊಸ ರಾಜನ ಅಪ್ಪಣೆಯಂತೆ ಅವಳ ತಲೆಯ ಮೇಲೆ ಮುಸುಕು ಹೊದಿಸಿ ಅವಳನ್ನು ಕುಲವಧು ಎಂದು ಸಾರುತ್ತಾರೆ. ಗಣಿಕೆಯನ್ನು ಗೃಹಿಣಿಯಾಗಿಸಲು ರಾಜ್ಯದಲ್ಲಿ ಅರಸೇ ಬದಲಾಗಬೇಕಾಯಿತು ಎಂಬುದೂ ಶೂದ್ರಕನ ಚಾತುರ್ಯವೇ.

ಭಾರತದ ಮೂಕಿ ಚಿತ್ರಗಳಲ್ಲೂ ಇದಕ್ಕೆ ಹತ್ತಿರದ ಕಥೆಗಳಿದ್ದವು. ಅವುಗಳಲ್ಲಿ ಒಂದರ ಹಿಂದೆ ಇದ್ದವರು ಇದೇ ಭವನಾನಿ. ಸಿಂಧ್‌ನ ಹೈದರಾಬಾದಿನಲ್ಲಿ 1903ರಲ್ಲಿ ಹುಟ್ಟಿದ ಅವರು ಮ್ಯಾಂಚೆಸ್ಟರಿನಲ್ಲಿ ಛಾಯಾಗ್ರಹಣ ಕಲಿತು, ಜರ್ಮನಿಯಲ್ಲಿ ಸಿನಿಮಾ ಕೆಲಸ ನೋಡಿ ಬಂದು, ಮುಂಬಯಿಯ ಕೊಹಿನೂರ್ ಕಂಪನಿ ಸೇರಿದ್ದರು. ಟೆಲಿಫೋನ್ ಆಪರೇಟರ್ ಆಗಿದ್ದ ರೂಬಿ ಮೈಯರ್ಸ್ ಎಂಬ ಯಹೂದಿ ತರುಣಿಯನ್ನು 'ಸುಲೋಚನಾ' ಎಂಬ ಹೆಸರಿನಲ್ಲಿ 1925ರ 'ವೀರ್ ಬಾಲಾ'ದಲ್ಲಿ ಪರದೆಗೆ ತಂದವರು ಅವರೇ. ಅದೇ ವರ್ಷದ ಅವರ 'ಸಿನೆಮಾ ಕೀ ರಾಣಿ' ಚಿತ್ರನಟಿಯೊಬ್ಬಳ ಕಥೆ. ಬಣ್ಣ ಹಚ್ಚುವ ಹೆಣ್ಣಿನ ಬದುಕನ್ನೇ ಚಿತ್ರದ ವಸ್ತುವಾಗಿಸುವ ಕುತೂಹಲ ಭವನಾನಿಯವರಿಗೆ 'ವಸಂತಸೇನೆ'ಗೆ ಮೊದಲೇ ಇತ್ತೆಂಬುದು ಸ್ಪಷ್ಟ.

ಬಣ್ಣ ಹಚ್ಚಿದ ಹೆಂಗಸರು

ಮೂಕಿ ಕಾಲದಲ್ಲಿ ನಟಿಯರನ್ನು ಹುಡುಕುವುದೇ ನಿರ್ಮಾಪಕರ ದೊಡ್ಡ ತಲೆನೋವು. ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಲ್ಲಿ (1913) ತಾರಾಮತಿಯ ಪಾತ್ರ ಮಾಡಿದ್ದು ಅಣ್ಣಾ ಸಾಳುಂಕೆ ಎಂಬ ಗಂಡಸು. ಫಾಲ್ಕೆ ನರ್ತಕಿಯರ ಕೇರಿಯಲ್ಲಿ ಕೇಳಿದರೂ ಯಾರೂ ಒಪ್ಪಿರಲಿಲ್ಲ. ಅದೇ ವರ್ಷದ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ಕಾಣಿಸಿಕೊಂಡರೂ ಮನೆತನಸ್ಥರ ಮಡಿ ಸಡಿಲವಾಗಲಿಲ್ಲ. ಆ ಜಾಗವನ್ನು ತುಂಬಿದವರು ಆಂಗ್ಲೋ ಇಂಡಿಯನ್ ಮತ್ತು ಯಹೂದಿ ಹೆಣ್ಣುಮಕ್ಕಳು. ಪೇಶನ್ಸ್ ಕೂಪರ್ ಸ್ವಂತ ಹೆಸರಲ್ಲೇ ಹೆಸರು ಮಾಡಿದಳು. ರೆನೀ ಸ್ಮಿತ್ ಸೀತಾದೇವಿಯಾದಳು, ಎಫಿ ಹಿಪೊಲೆಟ್ ಇಂದಿರಾದೇವಿಯಾದಳು. ಪತಿವ್ರತೆಯರ ಪುರಾಣಪಾತ್ರಗಳಿಗೂ ಅವರೇ, ನರ್ತಕಿಯ ಪಾತ್ರಗಳಿಗೂ ಅವರೇ.

ಈ ಹಿನ್ನೆಲೆಯಲ್ಲಿ 'ವಸಂತಸೇನೆ'ಯ ಪಾತ್ರವರ್ಗ ವಿಚಿತ್ರವಾಗಿ ಕಾಣುತ್ತದೆ. ಚಿತ್ರದ ನಾಯಕಿ ಎನಾಕ್ಷಿ ರಾಮರಾವ್ ವಿದ್ಯಾವಂತ ಮನೆತನದ ಹೆಣ್ಣುಮಗಳು. 1928ರ 'ಶಿರಾಜ್'ನಲ್ಲಿ, ಹಿಮಾಂಶು ರಾಯ್ ನಿರ್ಮಿಸಿ ಫ್ರಾಂಜ್ ಆಸ್ಟೆನ್ ನಿರ್ದೇಶಿಸಿದ ಆ ಚಿತ್ರದಲ್ಲಿ, ಮುಂದೆ ಮುಮ್ತಾಜ್ ಆಗುವ ಸೆಲಿಮಾಳ ಪಾತ್ರ ವಹಿಸಿದವರು ಅವರು. ಅಲ್ಲಿ ಆಕೆಯ ಎದುರು ಕುಟಿಲ ಡಾಲಿಯಾ ಆಗಿದ್ದವಳು ಸೀತಾದೇವಿ. ಎನಾಕ್ಷಿ ಭವನಾನಿಯವರನ್ನೇ ಮದುವೆಯಾದರು.

ಕಮಲಾದೇವಿಯವರ ಸಂಗತಿ ಇನ್ನೂ ದೊಡ್ಡದು. 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದವರು. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಕೂದಲೆಳೆಯಲ್ಲಿ ಸೋತವರು. ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯಲ್ಲಿ ಮುಂದಿದ್ದವರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಇರಬೇಕೆಂದು ಗಾಂಧೀಜಿಯವರೊಡನೆ ವಾದಿಸಿ, ಮುಂಬಯಿಯ ಬೀದಿಯಲ್ಲಿ ಉಪ್ಪು ಮಾರಿ ಸೆರೆಮನೆಗೆ ಹೋದವರು. ಅಂಥವರು, ಅದೂ ಅದೇ ವರ್ಷಗಳ ಆಸುಪಾಸಿನಲ್ಲಿ, ಗಣಿಕೆಯೊಬ್ಬಳ ಕಥೆಯ ಚಿತ್ರದಲ್ಲಿ ಮುಖಕ್ಕೆ ಬಣ್ಣ ಹಚ್ಚಿದರು. ನಾಟಕ ಸಿನಿಮಾ ಎಂದರೆ ಮಾನ ಹೋಗುವ ಕೆಲಸ ಎಂದು ನಂಬಿದ್ದ ಸಮಾಜಕ್ಕೆ ಅದು ಭಾಷಣಕ್ಕಿಂತ ಗಟ್ಟಿಯಾದ ಉತ್ತರ.

ಈ ಉತ್ತರದಲ್ಲಿ ಒಂದು ಮುಳ್ಳೂ ಇದೆ. ಮನೆತನಸ್ಥ ಹೆಂಗಸರು ಕಲೆಯ ಹೆಸರಿನಲ್ಲಿ ರಂಗಕ್ಕೆ ಬರುತ್ತಿದ್ದ ಕಾಲವೂ, ತಲೆತಲಾಂತರದಿಂದ ಹಾಡಿ ಕುಣಿದು ಬದುಕುತ್ತಿದ್ದ ಹೆಂಗಸರನ್ನು ರಂಗದಿಂದ ಇಳಿಸುತ್ತಿದ್ದ ಕಾಲವೂ ಒಂದೇ. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದ್ರಾಸಿನ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಿಂದ ಅದೇ ಹೋರಾಟ ನಡೆಸಿದ್ದರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಹಾಡಿ ಹೆಸರು ಮಾಡಿದ ಬೆಂಗಳೂರು ನಾಗರತ್ನಮ್ಮ ಈ ಕಥೆಯ ಇನ್ನೊಂದು ಮುಖ. ಮುದ್ದುಪಳನಿ ಎಂಬ ಗಣಿಕೆ ಬರೆದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ನಾಗರತ್ನಮ್ಮ 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದಾಗ, ಅಶ್ಲೀಲವೆಂದು ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ನಿಷೇಧ ತೆಗೆದದ್ದು 1947ರಲ್ಲಿ. ಶತಮಾನಗಳ ಹಿಂದಿನ ಉಜ್ಜಯಿನಿಯ ಗಣಿಕೆಯನ್ನು ವಿದ್ಯಾವಂತರು ಪರದೆಯ ಮೇಲೆ ಆದರಿಸುತ್ತಿದ್ದಾಗ, ಪಕ್ಕದ ಬೀದಿಯಲ್ಲಿ ಗಣಿಕೆ ಬರೆದ ಪುಸ್ತಕ ಮಾರುವ ಹಾಗಿರಲಿಲ್ಲ. ಭವನಾನಿಯವರ ಚಿತ್ರಕ್ಕೆ ಇದರ ಹೊಣೆ ಹೊರಿಸಬೇಕಾಗಿಲ್ಲ. ಆದರೆ ಆ ಚಿತ್ರ ಹುಟ್ಟಿದ ಗಾಳಿ ಇಂಥದು.

ಕೈಲಾಸಂ ಮೂಕರಾದದ್ದು

ಪಾತ್ರವರ್ಗದಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಹೆಸರು ಕೈಲಾಸಂ ಅವರದು. ತ್ಯಾಗರಾಜ ಪರಮಶಿವ ಕೈಲಾಸಂ (1884–1946) ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸರ್ಕಾರಿ ನೌಕರಿ ಬಿಟ್ಟು, ಕನ್ನಡ ರಂಗಭೂಮಿಯ ದಿಕ್ಕನ್ನೇ ತಿರುಗಿಸಿದವರು. 'ಟೊಳ್ಳುಗಟ್ಟಿ'ಯಿಂದ ಮುಂದೆ ಅವರ ನಾಟಕಗಳೆಲ್ಲ ನಿಂತಿರುವುದು ಮಾತಿನ ಮೇಲೆ. ಬೆಂಗಳೂರಿನ ಓದಿದ ಮನೆಗಳಲ್ಲಿ ಇಂಗ್ಲಿಷನ್ನೂ ಕನ್ನಡವನ್ನೂ ಕಲಸಿ ಆಡುತ್ತಿದ್ದ ಮಾತನ್ನು ಅವರಷ್ಟು ಕಿವಿಗೊಟ್ಟು ಕೇಳಿದವರಿಲ್ಲ. ಬರೆಯುವುದಕ್ಕಿಂತ ಹೇಳಿ ಬರೆಸುವುದೇ ಅವರ ರೂಢಿ. ಅಂಥ ಮಾತುಗಾರ ಪರದೆಯ ಮೇಲೆ ಬಂದದ್ದು ಮಾತಿಲ್ಲದ ಚಿತ್ರದಲ್ಲಿ. ಸಮಾಜ ಹೊರಗಿಟ್ಟ ಹೆಣ್ಣಿನ ವಿಷಯ ಅವರಿಗೆ ಹೊಸದೇನಾಗಿರಲಿಲ್ಲ. ಮುಂದೆ 'ಸೂಳೆ' ಎಂದೇ ಹೆಸರಿಟ್ಟು ನಾಟಕ ಬರೆದರು.

'ಮೃಚ್ಛಕಟಿಕ'ವನ್ನು ಮೂಕಿ ಮಾಡಿದಾಗ ಆಗುವ ನಷ್ಟ ಎಷ್ಟೆಂಬುದು ಇಲ್ಲಿ ತಿಳಿಯುತ್ತದೆ. ವಸ್ತುಗಳ ಕಥೆ ಪೂರ್ತಿ ಉಳಿಯುತ್ತದೆ, ನಾಲಿಗೆಯ ಕಥೆ ಪೂರ್ತಿ ಹೋಗುತ್ತದೆ. ಈ ನಾಟಕದಲ್ಲಿ ಏಳು ಬಗೆಯ ಪ್ರಾಕೃತಗಳಿವೆ ಎಂದು ವ್ಯಾಖ್ಯಾನಕಾರ ಪೃಥ್ವೀಧರ ಗುರುತಿಸುತ್ತಾನೆ. ಜೂಜುಕೋರರದು ಒಂದು, ಚಂಡಾಲರದು ಒಂದು, ಶಕಾರನದೇ ಒಂದು. ಶಕಾರ 'ಸ'ಕಾರ ಬರುವಲ್ಲೆಲ್ಲ 'ಶ'ಕಾರ ನುಡಿಯುತ್ತಾನೆ. ಪುರಾಣವನ್ನು ಬಾಯಿಗೆ ಬಂದಂತೆ ಕಲಸುತ್ತಾನೆ. ಅವನ ಉಪಮೆಗಳಲ್ಲಿ ದ್ರೌಪದಿ ರಾಮನಿಗೆ ಹೆದರಿ ಓಡುತ್ತಾಳೆ, ಹನುಮಂತ ಸುಭದ್ರೆಯನ್ನು ಅಪಹರಿಸುತ್ತಾನೆ. ಪ್ರೇಕ್ಷಕ ಮೊದಲು ನಗುತ್ತಾನೆ. ಎಂಟನೆಯ ಅಂಕದಲ್ಲಿ ಅದೇ ಮೂರ್ಖನ ಕೈ ಅವಳ ಕುತ್ತಿಗೆಗೆ ಬಂದಾಗ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮಾತು ಕಿತ್ತುಕೊಂಡರೆ ಶಕಾರ ಬರೀ ಮೀಸೆ ತಿರುವುವ ಖಳನಾಯಕನಾಗಿ ಉಳಿಯುತ್ತಾನೆ. ಶೂದ್ರಕನ ನಾಟಕ ಮೆಲೊಡ್ರಾಮಾಕ್ಕೆ ಇಳಿಯುವುದು ಈ ಒಂದು ಜಾಗದಲ್ಲಿ.

ಇನ್ನೊಂದು ಲೆಕ್ಕದಲ್ಲಿ ಮೌನವೇ ಲಾಭ. ಅಂದಿನ ಬೆಂಗಳೂರು ಎರಡು ಆಡಳಿತಗಳ ಊರು. ಪೇಟೆ ಮೈಸೂರು ಸಂಸ್ಥಾನದ್ದು. 1809ರಲ್ಲಿ ಹುಟ್ಟಿದ ದಂಡು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷರ ಕೈಯಲ್ಲಿ. ಅದು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು. ಇಂದಿನ ಶಿವಾಜಿನಗರವಾದ ಬ್ಲಾಕ್‌ಪಳ್ಳಿ, ಹಲಸೂರು, ಪ್ಲೇಗಿನ ನಂತರ ಎದ್ದ ಫ್ರೇಜರ್ ಟೌನ್, ಇಲ್ಲೆಲ್ಲ ಬೀದಿಯ ಮಾತು ತಮಿಳು, ಉರ್ದು, ತೆಲುಗು, ಇಂಗ್ಲಿಷ್. ಒಂದೇ ಬೆಂಚಿನಲ್ಲಿ ನಾಲ್ಕು ಭಾಷೆಯವರು ಕೂರುವ ಇಂಥ ಕಡೆ ಮೂಕಿ ಚಿತ್ರಕ್ಕೆ ಭಾಷೆಯ ಗಡಿಯಿರಲಿಲ್ಲ. ದೃಶ್ಯಗಳ ನಡುವೆ ಬರುತ್ತಿದ್ದ ಶೀರ್ಷಿಕೆಯ ಫಲಕಗಳನ್ನು ಎರಡು ಮೂರು ಭಾಷೆಗಳಲ್ಲಿ ಬರೆಸುವುದು ಆ ಕಾಲದ ವಾಡಿಕೆ. ಓದಲು ಬಾರದವರಿಗಾಗಿ ಬಲ್ಲವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲ. ಪ್ರೊಜೆಕ್ಟರಿನ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದ ಕಡೆಗಳಲ್ಲಿ ಸೆಕೆಂಡಿಗೆ ಸುಮಾರು 16 ಚೌಕಗಳಂತೆ ಓಡಿದ ಸಾವಿರ ಅಡಿಯ ಒಂದು ರೀಲು ಕಾಲು ಗಂಟೆಯಷ್ಟು ಬರುತ್ತಿತ್ತು. ಅವಸರವಿದ್ದ ದಿನ ಆಪರೇಟರನ ಕೈ ಜೋರಾಗಿ ತಿರುಗಿದರೆ ಗಣಿಕೆಯ ನೃತ್ಯವೂ ಜೋರಾಗುತ್ತಿತ್ತು.

ಮೂಲತಃ ನಾಟಕಶಾಲೆಯಾಗಿ 1896ರಲ್ಲಿ ಆರಂಭವಾದದ್ದೆಂದು ಹೇಳುವ ಶಿವಾಜಿನಗರದ ಎಲ್ಜಿನ್, ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗಳು ಕೂಡುವಲ್ಲಿನ ಅಪೆರಾ ಹೌಸ್, ಇವು ದಂಡಿನ ಹಳೆಯ ಮನರಂಜನೆಯ ತಾಣಗಳಲ್ಲಿ ಕೆಲವು. ಸೈನಿಕರಿಗೂ ಅಧಿಕಾರಿಗಳ ಕುಟುಂಬಗಳಿಗೂ ಬೇಕಾಗಿದ್ದದ್ದು ವಿಲಾಯತಿ ಮತ್ತು ಅಮೆರಿಕದ ಚಿತ್ರ. ಸರ್ಕಾರಕ್ಕೆ ಅದರದೇ ಚಿಂತೆ. ಟಿ. ರಂಗಾಚಾರಿಯರ್ ಅಧ್ಯಕ್ಷತೆಯ ಭಾರತೀಯ ಸಿನಿಮಾಟೋಗ್ರಾಫ್ ಸಮಿತಿ 1927–28ರಲ್ಲಿ ಕೆಲಸ ಮಾಡಿದಾಗ ಅದರ ಹಿಂದಿದ್ದ ಆತಂಕಗಳಲ್ಲಿ ಒಂದು ಇದು: ಕ್ಯಾಬರೆಯಲ್ಲಿ ಕುಣಿಯುವ ಬಿಳಿಯ ಹೆಣ್ಣನ್ನು ಪರದೆಯ ಮೇಲೆ ನೋಡಿದ ದೇಶೀಯರಿಗೆ ಆಳುವವರ ಮೇಲಿನ ಗೌರವ ಕುಸಿದೀತು. ಬಿಳಿಯ ನರ್ತಕಿಯಿಂದ ಸಾಮ್ರಾಜ್ಯದ ಮಾನ ಹೋಗುತ್ತದೆ ಎಂಬ ಲೆಕ್ಕ ಅವರದು, ಹಿಂದೂ ನರ್ತಕಿಯಿಂದ ಮನೆತನದ ಮಾನ ಹೋಗುತ್ತದೆ ಎಂಬ ಲೆಕ್ಕ ಇಲ್ಲಿನ ಸಮಾಜದ್ದು. ಪರದೆಯ ಮೇಲಿನ ಹೆಣ್ಣಿಗೆ ಎರಡು ಕಡೆಯ ಕಾವಲು.

ಅದೇ ವರ್ಷಗಳಲ್ಲಿ ಬೆಂಗಳೂರು ಚಿತ್ರ ತಯಾರಿಸುವ ಊರೂ ಆಗಿತ್ತು ಎಂಬುದನ್ನು ಈಗ ನೆನೆಯುವವರು ಕಡಿಮೆ. ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಇಲ್ಲಿಂದ ಹಲವು ಮೂಕಿ ಚಿತ್ರಗಳನ್ನು ಹೊರತಂದಿತು. ಗುಬ್ಬಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ, ರಾಫೆಲ್ ಆಲ್ಗೋಟ್ ಎಂಬ ಬೆಲ್ಜಿಯಂ ದೇಶದವನನ್ನು ಕರೆಸಿ 'ಹಿಸ್ ಲವ್ ಅಫೇರ್' ಮಾಡಿಸಿದರು. ವೀರಣ್ಣ ಮತ್ತು ಬಿ. ಜಯಮ್ಮ ಅದರ ಜೋಡಿ. ಕಂಪನಿ ನಾಟಕಗಳಲ್ಲಿ ಹಾಡಿ ರಂಜಿಸುತ್ತಿದ್ದ ಜಯಮ್ಮ ಅಲ್ಲೂ ಮೂಕಿ. ಹಣ ಮಾತ್ರ ಕೈಗೆ ಹತ್ತಲಿಲ್ಲ.

ಮಾತು ಬಂದ ಮೇಲೆ

ಮುಂಬಯಿಯ ಮೆಜೆಸ್ಟಿಕ್‌ನಲ್ಲಿ 1931ರ ಮಾರ್ಚ್ 14ರಂದು 'ಆಲಂ ಆರಾ' ತೆರೆಕಂಡಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ತಮಿಳು ತೆಲುಗು ಮಾತುಗಳ 'ಕಾಳಿದಾಸ್' ಬಂತು. ಇಷ್ಟು ದಿನ ಅಭಿನಯ ಮಾತ್ರ ಕೇಳುತ್ತಿದ್ದ ಪರದೆ ಈಗ ಕಂಠವನ್ನೂ ಭಾಷೆಯನ್ನೂ ಕೇಳತೊಡಗಿತು. ದೇಶದಲ್ಲೇ ದೊಡ್ಡ ಸಂಬಳ ಪಡೆಯುತ್ತಿದ್ದ ಸುಲೋಚನಾ ಕೂಡ ಹಿಂದುಸ್ತಾನಿ ಕಲಿಯಲು ಬಿಡುವು ತೆಗೆದುಕೊಳ್ಳಬೇಕಾಯಿತು. ಹೊಸದಾಗಿ ತೆಗೆದ ಮೂಕಿ ಚಿತ್ರಗಳು ಕೆಲವೇ ತಿಂಗಳಲ್ಲಿ ಹಳೆಯ ಸರಕಾದವು. 'ವಸಂತಸೇನೆ' ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲಿ. ಕನ್ನಡಕ್ಕೆ ಮಾತು ಬಂದದ್ದು 1934ರಲ್ಲಿ, ಬೆಂಗಳೂರಿನ ಮಾರುಕಟ್ಟೆ ಪಕ್ಕದ ಪ್ಯಾರಾಮೌಂಟ್‌ನಲ್ಲಿ ಮಾರ್ಚ್ 3ರಂದು ತೆರೆಕಂಡ 'ಸತಿ ಸುಲೋಚನ'ದಿಂದ.

ಆ ಚಿತ್ರದ ಇಬ್ಬರೇ ಶೂದ್ರಕನ ನಾಲಿಗೆಯನ್ನು ಕನ್ನಡದ ಪರದೆಗೆ ಹಿಂತಿರುಗಿಸಿದರು. ರಾವಣನಾಗಿದ್ದ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿದ್ದ ಎಂ.ವಿ. ಸುಬ್ಬಯ್ಯ ನಾಯ್ಡು ಕಟ್ಟಿದ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ಕಲಾವಿದರೊಡನೆ 1941ರಲ್ಲಿ ಕನ್ನಡ ಟಾಕಿ 'ವಸಂತಸೇನೆ' ಬಂತು. ನಿರ್ದೇಶನ ರಾಮಯ್ಯರ್ ಶಿರೂರ್ ಅವರದು, ಬಂಡವಾಳದ ಕಡೆ ಎ.ವಿ. ಮೇಯಪ್ಪನ್. ವಸಂತಸೇನೆಯಾಗಿ ಲಕ್ಷ್ಮೀಬಾಯಿ, ಚಾರುದತ್ತನಾಗಿ ನಾಯ್ಡು, ಶಕಾರನಾಗಿ ನಾಗೇಂದ್ರರಾಯರು. ಜನ ಬಹುಕಾಲ ನೆನೆದದ್ದು ನಾಯಕ ನಾಯಕಿಯರನ್ನಲ್ಲ, ಶಕಾರನನ್ನು. ಹತ್ತು ವರ್ಷ ಹಿಂದಿನ ಮೂಕಿ ಚಿತ್ರಕ್ಕೆ ದಕ್ಕದೆ ಹೋದದ್ದೇ ಇಲ್ಲಿ ಗೆದ್ದಿತು.

ಮುಂದೆ ಈ ಕಥೆಗೆ ಕೈ ಹಾಕಿದ ಕನ್ನಡಿಗರು ಗಿರೀಶ ಕಾರ್ನಾಡ. ಶಶಿ ಕಪೂರ್ ನಿರ್ಮಿಸಿದ 'ಉತ್ಸವ್' (1984) ಹಿಂದಿಯದಾದರೂ ಅದರಲ್ಲಿ ಕನ್ನಡದ ನೆರಳಿದೆ. ಕಳ್ಳನ ಪಾತ್ರದಲ್ಲಿ ಶಂಕರ್ ನಾಗ್ ಇದ್ದಾರೆ. ರೇಖಾ ವಸಂತಸೇನೆ, ಶೇಖರ್ ಸುಮನ್ ಚಾರುದತ್ತ, ಶಕಾರ ಸ್ವತಃ ಶಶಿ ಕಪೂರ್. ಶೂದ್ರಕನ ಜತೆಗೆ ಭಾಸನ 'ಚಾರುದತ್ತ'ವನ್ನೂ ಕಾರ್ನಾಡರು ಬೆರೆಸಿಕೊಂಡರು, ನಿರೂಪಕನಾಗಿ ವಾತ್ಸ್ಯಾಯನನನ್ನು ತಂದರು. ಮುಖ್ಯವಾದ ಬದಲಾವಣೆ ಕೊನೆಯಲ್ಲಿ. ಚಾರುದತ್ತ ಹೆಂಡತಿಯ ಬಳಿಗೆ ಹೋಗುತ್ತಾನೆ. ಕುಲವಧುವಿನ ಮುಸುಕು ಇಲ್ಲಿ ವಸಂತಸೇನೆಗಿಲ್ಲ. ಅವಳು ತನ್ನ ಮನೆಗೆ ಮರಳುತ್ತಾಳೆ, ಜನರಿಂದ ಏಟು ತಿಂದು ಬಾಗಿಲಿಗೆ ಬಂದ ಶಕಾರನನ್ನು ಒಳಗೆ ಬಿಟ್ಟುಕೊಳ್ಳುತ್ತಾಳೆ. ಗಣಿಕೆ ಸುಖವಾಗಿ ಸಂಸಾರ ಸೇರಿದಳೆಂದು ನಂಬಿಸುವ ಹಂಗನ್ನು ಕಾರ್ನಾಡರು ಬಿಟ್ಟರು. ಇಷ್ಟವಾಗದವರು ಅನೇಕರಿದ್ದರು, ಆದರೆ ಮೂರರಲ್ಲಿ ಪ್ರಾಮಾಣಿಕವಾದ ಕೊನೆ ಇದೇ ಎನ್ನಬೇಕು.

ಭಾರತದಲ್ಲಿ ತಯಾರಾದ ಮೂಕಿ ಕಥಾಚಿತ್ರಗಳು 1,300ರಷ್ಟೆಂದು ಅಂದಾಜು. ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದವು ಕೆಲವು ಡಜನ್ ಕೂಡ ಇಲ್ಲ. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು, ಬೇಗ ಕೊಳೆಯುತ್ತದೆ, ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಓಡದ ಚಿತ್ರದ ರೀಲನ್ನು ಅದರೊಳಗಿನ ಬೆಳ್ಳಿಗಾಗಿ ಕರಗಿಸುವುದೂ ಇತ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ. ಉಳಿದ ಚಿತ್ರಗಳ ಪಟ್ಟಿಯಲ್ಲಿ 'ವಸಂತಸೇನೆ' ಇಲ್ಲ. ದಕ್ಷಿಣದ ಮೂಕಿ ಚಿತ್ರಗಳಲ್ಲಿ ಕೇರಳದ 'ಮಾರ್ತಾಂಡವರ್ಮ' (1933) ಉಳಿದದ್ದು ಒಂದು ವ್ಯಾಜ್ಯದ ಪುಣ್ಯದಿಂದ: ಕಾದಂಬರಿಯ ಹಕ್ಕಿನ ತಕರಾರಿನಲ್ಲಿ ಪ್ರಕಾಶಕರ ವಶಕ್ಕೆ ಹೋದ ಪ್ರತಿ, ದಶಕಗಳ ನಂತರ ಸಂಗ್ರಹಾಲಯಕ್ಕೆ ಸಿಕ್ಕಿತು. ವಸಂತಸೇನೆಯ ಮೇಲೆ ಯಾರೂ ದಾವೆ ಹೂಡಲಿಲ್ಲ.

ಚಿತ್ರದ ಜನ ಮುಂದೆ ಬೇರೆ ಬೇರೆ ದಾರಿ ಹಿಡಿದರು. ಭವನಾನಿ 1934ರಲ್ಲಿ ಪ್ರೇಮಚಂದರಿಂದ ಕಥೆ ಬರೆಸಿ 'ಮಜ್ದೂರ್' ಮಾಡಿ ಸೆನ್ಸಾರಿನ ಕೋಪಕ್ಕೆ ಗುರಿಯಾದರು. ಸ್ವಾತಂತ್ರ್ಯದ ನಂತರ ಫಿಲ್ಮ್ಸ್ ಡಿವಿಷನ್ನಿನ ಮೊದಲ ಮುಖ್ಯ ನಿರ್ಮಾಪಕರಾದರು. ಕಮಲಾದೇವಿ 1943ರಲ್ಲಿ ಕೆ.ಎಲ್. ಸೈಗಲ್ ನಾಯಕನಾಗಿದ್ದ 'ತಾನ್‌ಸೇನ್'ನಲ್ಲಿ ಮತ್ತೆ ಕಾಣಿಸಿಕೊಂಡರು. ಆಮೇಲಿನ ಅವರ ಕೆಲಸ ಕುಶಲಕರ್ಮಿಗಳ ನಡುವೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ಎನಾಕ್ಷಿ ನಟನೆ ಬಿಟ್ಟು ಬರವಣಿಗೆಗೆ ಬಂದರು. ಭಾರತೀಯ ನೃತ್ಯಗಳ ಬಗ್ಗೆ 1965ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ, ಜನಪದ ವಿನ್ಯಾಸಗಳ ಕುರಿತ ಪುಸ್ತಕಗಳು ಈಗಲೂ ಆಕರಗಳಾಗಿ ಬಳಕೆಯಲ್ಲಿವೆ. ಆಕೆಯ ಅಭಿನಯ ನೋಡಬೇಕೆನ್ನುವವರಿಗೆ 'ಶಿರಾಜ್' ಇದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದರ ಪ್ರತಿಯನ್ನು ಸರಿಪಡಿಸಿ, ಅನೌಷ್ಕಾ ಶಂಕರ್ ಸಂಗೀತ ಸೇರಿಸಿ 2017ರಲ್ಲಿ ಮತ್ತೆ ತೆರೆಗೆ ತಂದಿತು.